ಮಸ್ಕತ್ತಿನ ಶುಕ್ರವಾರಗಳು

ಅತ್ತರಿನ ವಾಸನೆ ಒಲೆಯ ಹೊಗೆಯಲ್ಲಿ ಬೆರೆತು ಅಡುಗೆಮನೆಗೆ ಬಂತು, ಅಂದರೆ ಪಡಸಾಲೆಯಲ್ಲಿ ಶಂಕ್ರಪ್ಪ ಶೀಸೆ ಬಿಚ್ಚಿದ್ದಾನೆ, ಬಂದವರ ಮುಂಗೈಗೆಲ್ಲ ಹಚ್ಚುತ್ತಿದ್ದಾನೆ, ಮೂಸಿ ನೋಡ್ರಿ ಕಾಕಾ, ಅಗದಿ ಅಸಲಿ ಮಸ್ಕತ್ತಿಂದು, ತೊಳದ್ರೂ ಹೋಗೂದಿಲ್ಲ — ಹೋಗುವುದಿಲ್ಲ, ಸಾವಿತ್ರೆವ್ವನಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು, ಗಂಡನ ಆ ಅಂಗೈ ಬಾಯಿಯ ಮೇಲೆ ಅದುಮಿ ಕೂತರೆ ಮರುದಿನ ಉಂಡ ಅನ್ನಕ್ಕೂ ಅದೇ ವಾಸನೆ. ಅವಳು ರೊಟ್ಟಿ ಬಡಿಯುತ್ತಾಳೆ, ತಟ್ ತಟ್, ಎಡಗೈಯ ಕಿರುಬೆರಳು ಮಡಚುವುದಿಲ್ಲ, ಮುರಿದದ್ದು ಸೊಟ್ಟಗೇ ಕೂಡಿಕೊಂಡಿದೆ, ಅತ್ತೆ ರೇವವ್ವ ಮೊನ್ನೆ ಕೇಳಿದ್ದಳು, ಏನಾತಬೇ ಬೆರಳಿಗೆ, ಕಾರಿನ ಬಾಗಲದಾಗ ಸಿಕ್ಕಿತ್ತರಿ ಅಂದಳು, ಸುಳ್ಳೇನಲ್ಲ, ಬಾಗಿಲು ಹಾಕಿದವರು ಯಾರು ಅಂತ ಅತ್ತೆ ಕೇಳಲಿಲ್ಲ. ಎಂಬತ್ತಮೂರರ ಶ್ರಾವಣದಲ್ಲಿ ಸಂಶಿಯ ಈ ಮನೆಯಿಂದ ಹೊರಟಾಗ ಓಣಿಗೆ ಓಣಿಯೇ ಬಸ್ ಸ್ಟ್ಯಾಂಡಿನ ತನಕ ಬಂದಿತ್ತು, ಶಂಕ್ರಪ್ಪನಿಗೆ ಅರಬರ ದೇಶದಲ್ಲಿ ಕ್ರೇನ್ ನಡೆಸುವ ಕೆಲಸ, ಕಂಪನಿಯದೇ ಮನೆ, ಹೆಂಡತಿ ಮಗಳೂ ಜೊತೆಗೆ, ಇಂಥಾ ನಸೀಬು ಯಾರಿಗೈತಿ ಅಂತ ರೇವವ್ವ ದೃಷ್ಟಿ ತೆಗೆದಿದ್ದಳು, ಈಗ ಮೊದಲ ಸಲ ರಜೆಗೆ ಬಂದಿದ್ದಾರೆ, ಈಗಲೂ ತೆಗೆಯುತ್ತಾಳೆ, ದಿನಾ ಸಂಜೆ, ಮಗನಿಗೆ.

ನಮಗ ಸೂಟಿ ಶುಕ್ರವಾರ, ಶಂಕ್ರಪ್ಪ ಹೇಳುತ್ತಿದ್ದಾನೆ, ಗಾಡಿ ತಗೊಂಡ ಹೊಂಟಬಿಡೂದು ನೋಡ್ರಿ, ಹೆಂಡ್ತಿ ಬಾಜೂಕ, ಮಗಳು ಹಿಂದ, ಒಮ್ಮೆ ನಿಜ್ವಾಕ್ಕ ಹೋಗಿದ್ವಿ, ಏನ್ ಖಿಲ್ಲಾ ಅಂತೀರಿ — ಖಿಲ್ಲಾ ಅವಳು ನೋಡಲೇ ಇಲ್ಲ, ಬುತ್ತಿಯಲ್ಲಿ ಉಪ್ಪಿನಕಾಯಿ ಮರೆತಿದ್ದಳು, ಬರೀ ಅಷ್ಟೇ, ಸುತ್ತ ಬೋಳು ಗುಡ್ಡ, ಇಳಿ ಅಂದ, ಇಳಿದಳು, ಗಾಡಿ ಹೋಯಿತು, ಹಿಂದಿನ ಗಾಜಿಗೆ ಮುಖ ಒತ್ತಿಕೊಂಡ ಮಗಳು ಶಕ್ಕು, ಬಾಯಿ ತೆರೆದು ಚೀರುತ್ತಿದ್ದಾಳೆ, ದನಿ ಮಾತ್ರ ಇಲ್ಲ, ಕಾದ ಡಾಂಬರಿಗೆ ಚಪ್ಪಲಿ ಅಂಟಿಕೊಳ್ಳುತ್ತದೆ, ನೆರಳು ಅನ್ನುವುದೇ ಇಲ್ಲದ ಊರು ಅದು, ಕುಂದಗೋಳದ ಎರೆಹೊಲದಲ್ಲೂ ಒಂದು ಜಾಲಿಗಿಡವಾದರೂ ಇರುತ್ತದೆ. ಬಿಸಿಲು ಇಳಿದ ಮೇಲೆ ತಿರುಗಿ ಬಂದ, ಹತ್ತು ಅಂದ, ಬುದ್ಧಿ ಬಂತೇನಲೇ, ಅವಳು ಹತ್ತುವಾಗಲೇ ಬಾಗಿಲು ಹಾಕಿದ, ಬೆರಳು ಒಳಗೇ ಇತ್ತು. ಆಸ್ಪತ್ರೆ ಬೇಡ, ಮಂದಿ ಏನಂದಾರು. ಮುಂದಿನ ಶುಕ್ರವಾರ ಗಾರ್ಡನ್ನು, ಹುಲ್ಲಿನ ಮೇಲೆ ಫೋಟೋ, ನಗು ಅಂದ, ನಕ್ಕಳು, ಆ ಫೋಟೋ ಈಗ ಪಡಸಾಲೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿದೆ, ಸಾವಿತ್ರಿ ಅಗದಿ ಮೇಮ್‌ಸಾಬ್ ಆಗ್ಯಾಳ ನೋಡ್ರಿ ಅನ್ನುತ್ತಿರುವುದು ಬಾಜೂಮನೆಯ ಹಲೀಮಾಬಿ, ಮುದುಕಿ, ಹಾಲು ಕೊಡಲು ಬಂದವಳು ಹೊಸ್ತಿಲಲ್ಲೇ ಕೂತಿದ್ದಾಳೆ. ಮಸ್ಕತ್ತಿನ ಮನೆಯಲ್ಲಿ ಬೆಲ್ಟು, ಇಸ್ತ್ರಿಪೆಟ್ಟಿಗೆಯ ವೈರು, ಒಮ್ಮೆ ಕುಕ್ಕರಿನ ಮುಚ್ಚಳ, ನೆರೆಮನೆಗೆ ಕೇಳಬಾರದೆಂದು ಟೇಪ್‌ರೆಕಾರ್ಡರ್ ಜೋರು ಮಾಡುತ್ತಿದ್ದ, ವಚನದ ಕ್ಯಾಸೆಟ್, ಊರಿನಿಂದಲೇ ಒಯ್ದದ್ದು, ವಚನ ಮುಗಿಯುವ ತನಕ ಹೊಡೆತ, ಆಮೇಲೆ ಸ್ನಾನ, ಆಮೇಲೆ ವಿಭೂತಿ. ಅತ್ತೆಗೆ ಹೇಳಿದ್ದಳು, ಇಲ್ಲಿಗೆ ಬಂದ ದಿನವೇ, ಬೆನ್ನು ತೋರಿಸಿದ್ದಳು, ರೇವವ್ವ ಸೆರಗು ಎಳೆದು ಮುಚ್ಚಿ, ಗಂಡಸು ಅಂದ್ಮ್ಯಾಲೆ ಕೈ ಮಾಡತಾನ, ದುಡದು ತಂದು ಹಾಕೂದಿಲ್ಲೇನು ಅಂದಳು. ಸರಿ, ಬೆನ್ನು ತನ್ನದು, ತಡೆದುಕೊಳ್ಳಬಹುದು — ಆದರೆ ಸಮುದ್ರ, ಆ ಸಮುದ್ರದ ಶುಕ್ರವಾರಗಳು, ಅದನ್ನು ನೆನೆಸಬಾರದು, ರೊಟ್ಟಿ ತಿರುವು, ಸೀಯುತ್ತಿದೆ.

ನಿಮ್ಮ ಮಗಳೇನು ಕಲತಾಳಪಾ ಅಲ್ಲೆ, ಇಂಗ್ಲಿಷ್ ಮಾತಾಡತಾಳೇನು, ಅದು ಶಂಭುಲಿಂಗಪ್ಪ ಕಾಕಾನ ದನಿ, ಗಂಡನ ಚಿಕ್ಕಪ್ಪ, ಒಳ್ಳೆಯವನು, ಸುಮ್ಮನೆ ಕೇಳಿದ್ದು, ಅಷ್ಟು ಸಾಕಾಯಿತು, ಇಂಗ್ಲಿಷ್ ಏನ್ ಬಿಡ್ರಿ, ನಮ್ಮ ಶಕ್ಕು ನೀರಾಗ ಮೀನು, ಬರ್ರಿ ಹೊರಗ, ತೋರಸ್ತೀನಿ, ಲೇ ಶಕ್ಕು ಬಾ ಇಲ್ಲೆ. ಸಾವಿತ್ರೆವ್ವನ ಕೈ ಹಿಟ್ಟಿನಲ್ಲಿ ನಿಂತಿತು. ಜೋಳಿಗೆಯಂಥ ಲಂಗದ ಹುಡುಗಿ, ಏಳು ತುಂಬಿಲ್ಲ, ಅಂಗಳಕ್ಕೆ ಹೋಗುವ ಸಣ್ಣ ಹೆಜ್ಜೆ ಕೇಳುತ್ತದೆ, ಅಳುವುದಿಲ್ಲ, ಅತ್ತರೆ ಇನ್ನೊಮ್ಮೆ ಮುಳುಗಿಸುತ್ತಾನೆ, ಸಮುದ್ರದಲ್ಲೂ ಹಾಗೇ, ಸೊಂಟದುದ್ದ ನೀರಿನಲ್ಲಿ ಗೆಳೆಯರ ಮುಂದೆ ಮಗಳ ತಲೆ ಅದುಮಿ ಹಿಡಿದು, ಧೈರ್ಯ ಬರಬೇಕ್ರಿ ಮಕ್ಕಳಿಗೆ, ಅವರು ನಗುತ್ತಾರೆ, ಬಾಟಲಿ ಎತ್ತುತ್ತಾರೆ, ದಂಡೆಯಲ್ಲಿ ಚಾಪೆಯ ಮೇಲೆ ಕೂತ ನಾನು ಮರಳನ್ನು ಮುಷ್ಟಿಯಲ್ಲಿ ಹಿಡಿದಿದ್ದೆ, ಎದ್ದೆನೇ, ಏಳಲಿಲ್ಲ, ಒಂದು ಶುಕ್ರವಾರವೂ ಏಳಲಿಲ್ಲ — ಕಿಟಕಿಯಿಂದ ಅಂಗಳ ಕಾಣುತ್ತದೆ, ದನಗಳಿಗೆ ನೀರು ತುಂಬಿಡುವ ಕಲ್ಲಿನ ಬಾನಿ, ಸುತ್ತ ಜನ, ನಾ ಬಸ್ ಅನ್ನೂತನ ಉಸಿರು ಬಿಡಬಾರ್ದು, ತಿಳೀತೇನು, ಹೂಂ ಡ್ಯಾಡಿ, ಅವನ ಕೈ ಅವಳ ಕುತ್ತಿಗೆಗೆ, ತಲೆ ನೀರಿಗೆ. ಒಬ್ಬರು ಚಪ್ಪಾಳೆ ತಟ್ಟಿದರು. ಅಲ್ಲೆ ಗಾಡಿ ಎಲ್ಲಾ ಬಲಕ್ಕ ಹೊಡೀತಾರ್ರಿ ಕಾಕಾ, ಅವನು ಮಾತಿಗೆ ಬಿದ್ದ, ಕೈ ಅಲ್ಲೇ ಇದೆ, ಪೆಟ್ರೋಲು ನೀರಿಗಿಂತ ಸೋವಿ, ಕೈ ಅಲ್ಲೇ ಇದೆ, ಸಣ್ಣ ಕಾಲು ನೆಲ ಕೆದರುತ್ತಿದೆ, ಹಲೀಮಾಬಿ ಎದ್ದು ನಿಂತಳು, ಏ ಶಂಕ್ರಪ್ಪಾ, ಕೂಸು, ಕೂಸಿನ ಬಿಡೋ, ಅವನು ನಕ್ಕ, ಏನಾಗೂದಿಲ್ಲ ಸುಮ್ನಿರಬೇ.

ಊದುಗೊಳವಿ ಯಾವಾಗ ಕೈಗೆ ಬಂತೋ, ಕಬ್ಬಿಣ, ಒಂದು ತುದಿ ಕಾದಿದೆ, ಸುಡುವುದು ಗೊತ್ತಾಗುವುದಿಲ್ಲ, ಹೊಸ್ತಿಲು, ಮೆಟ್ಟಿಲು, ಅಂಗಳ, ಅವನ ಮುಂಗೈಗೇ ಬೀಳಲಿ, ಬಿತ್ತು, ಹಸಿ ತೊಗರಿಕಟ್ಟಿಗೆ ಮುರಿದ ಸಪ್ಪಳ, ಅವನು ಎಮ್ಮೆಯ ಹಾಗೆ ಒದರಿದ, ತಿರುಗಿ ಇನ್ನೊಂದು ಕೈಯಿಂದ ಅವಳ ದವಡೆಗೆ ಬಾರಿಸಿದ, ಬಾಯಲ್ಲಿ ಹಲ್ಲು ಸಡಿಲಾಗಿ ಉಪ್ಪು ರಕ್ತ, ಉಗಿಯಲಿಲ್ಲ, ಮತ್ತೆ ಎತ್ತಿದಳು, ಭುಜಕ್ಕೆ, ಮೊಣಕಾಲಿಗೆ, ಅವನು ಸಗಣಿಯ ಮೇಲೆ ಬಿದ್ದ, ಬಿಳಿ ಪ್ಯಾಂಟು, ಮತ್ತೊಮ್ಮೆ. ಕಾಕಾ ಹಿಂದಿನಿಂದ ತಬ್ಬಿ ಹಿಡಿದ, ಸಾಕ ಬಿಡ ತಂಗಿ, ಸಾಯ್ತಾನ. ಕೈ ಮುರದ್ಲಬೇ ಯವ್ವಾ, ಶಂಕ್ರಪ್ಪ ಅಳುತ್ತಿದ್ದಾನೆ, ಅವನೂ ಅಳಬಲ್ಲ, ರೇವವ್ವ ಎದೆ ಬಡಿದುಕೊಂಡಳು, ಗಂಡನ ಮ್ಯಾಲೆ ಕೈ ಎತ್ತಿದಿ, ನಿನ್ನ ಕೈ ಸೇದಿ ಹೋಗ್ಲಿ. ಹೋಗ್ಲಿರಿ ಅತ್ತಿ, ಅಂದಳು ಸಾವಿತ್ರೆವ್ವ, ಅವ ಒಬ್ಬನ ಹೋಗ್ಲಿ ಅರಬಸ್ತಾನಕ್ಕ, ನಾನೂ ನನ್ನ ಮಗಳೂ ಬರೂದಿಲ್ಲ, ಕಸ ತೆಗೀತೀವಿ, ಕೂಲಿ ಮಾಡತೀವಿ, ಬರೂದಿಲ್ಲ — ಎಲ್ಲರೂ ಬಾನಿಯ ಕಡೆ ತಿರುಗಿದ್ದಾರೆ, ಯಾರೂ ತನ್ನನ್ನು ನೋಡುತ್ತಿಲ್ಲ. ಹಲೀಮಾಬಿ ಹುಡುಗಿಯನ್ನು ನೀರಿನಿಂದ ಎತ್ತಿ ಬಾನಿಯ ಪಕ್ಕದ ಹಾಸುಗಲ್ಲಿನ ಮೇಲೆ ನಿಲ್ಲಿಸಿದ್ದಾಳೆ, ಬೆನ್ನು ತಿಕ್ಕುತ್ತಿದ್ದಾಳೆ, ಬಿಡು ನನ್ನವ್ವಾ, ಉಸಿರು ಬಿಡು, ಮುಗೀತು. ಶಕ್ಕು ಕಣ್ಣು ಗಟ್ಟಿಯಾಗಿ ಮುಚ್ಚಿದ್ದಾಳೆ, ತುಟಿ ಬಿಗಿದಿದ್ದಾಳೆ, ಎರಡೂ ಕೆನ್ನೆ ಉಬ್ಬಿವೆ. ಅವನು ಬಸ್ ಅಂದಿಲ್ಲ. ಬಸ್, ಶಕ್ಕು, ಬಸ್, ಸಾವಿತ್ರೆವ್ವ ಅಂದಳು, ಕೊಳವಿ ಬಿಸಾಕಿ ಮಗಳ ಮುಂದೆ ಮೊಣಕಾಲೂರಿ, ಬಸ್ ಅವ್ವಾ — ಹುಡುಗಿ ತಲೆ ಅಲ್ಲಾಡಿಸಿದಳು, ಇಲ್ಲ, ನೀನಲ್ಲ, ಕೆನ್ನೆ ಉಬ್ಬಿಯೇ ಇವೆ, ಕೂದಲಿಂದ ನೀರು ಇಳಿಯುತ್ತಿದೆ, ಮುಖ ಕೆಂಪಾಗಿ, ನೀಲಿಯಾಗಿ, ಉಬ್ಬಿದ ಕೆನ್ನೆ, ಆ ಎರಡು ಉಬ್ಬಿದ ಕೆನ್ನೆ