ಅಕ್ರೋಟು ಮರದ ತಗ್ಗು ದನಿ

ಆರು ಗಂಟೆಗೆ ಆರತಕ್ಷತೆ. ನಾಲ್ಕೂಕಾಲಿಗೆ ಪವಿತ್ರ ಚಹಾ ಕುಡಿದು ವೇದಿಕೆಗೆ ಮರಳಿದಾಗ ಸೆಟ್ಟಿನಲ್ಲಿ ಒಂದು ಡ್ರಮ್ ಇರಲಿಲ್ಲ. ಮೂರು ಕಾಲಿನ ಮೇಲೆ ನಿಲ್ಲುವ ದೊಡ್ಡದು, ಫ್ಲೋರ್ ಟಾಮ್. ಅದರ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಪ್ಪನೂ ಇರಲಿಲ್ಲ.

ಚಿಕ್ಕಬಳ್ಳಾಪುರದಿಂದ ಪೆರೇಸಂದ್ರದ ಕಡೆಗೆ ಹೋಗುವ ಹೆದ್ದಾರಿಯ ಪಕ್ಕದ ಕಲ್ಯಾಣ ಮಂಟಪ. ಬೆಳಗಿನಿಂದ ಜಿನುಗು ಮಳೆ. ಪವಿತ್ರ ತಾನು ದುಡಿಯುವ ಕುಡುಮಲಕುಂಟೆಯ ಫ್ಯಾಕ್ಟರಿಗೆ ರಜೆ ಹಾಕಿ, ತೊಂಡೇಬಾವಿಯಿಂದ ಅಪ್ಪನನ್ನೂ ಕರೆದುಕೊಂಡು ಬಂದಿದ್ದಳು. ಇವತ್ತು ಸರಿಯಾಗಿ ಬಾರಿಸಿದರೆ ಮೋಹನ್‌ಬಾಬು ಆರ್ಕೆಸ್ಟ್ರಾದ ಡ್ರಮ್ ಸೀಟು ಅವಳದು. ಎರಡು ವರ್ಷದಿಂದ, ಬೇರೆ ಯಾರೂ ಸಿಗದ ದಿನ ಮಾತ್ರ ಅವಳನ್ನು ಕೂರಿಸಿ, ಮಾರನೇ ದಿನ ಎಬ್ಬಿಸುತ್ತಿದ್ದ ಸೀಟು ಅದು.

ಸೆಟ್ಟು ಅಕ್ರೋಟು ಮರದ್ದು, ಹೊರದೇಶದಿಂದ ತರಿಸಿದ್ದು. ಆರು ಲಕ್ಷ ಎಂದು ಆರ್ಕೆಸ್ಟ್ರಾದ ಮಾಲೀಕ ಮೋಹನ್‌ಬಾಬು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅದರ ಸದ್ದಿಗಿಂತ ಮೊದಲು ಅದರ ಬೆಲೆ ಕೇಳಿಸುತ್ತಿತ್ತು. ಮೂರು ತಿಂಗಳಿಂದ ಅದನ್ನು ಬಾರಿಸಿದವರೆಲ್ಲ ಬರೀ ಮರದ ಪೆಟ್ಟಿಗೆ ಬಡಿದ ಹಾಗೆ ಬಡಿದು ಹೋಗಿದ್ದರು. ಬೆಳಿಗ್ಗೆ ಪವಿತ್ರ ಕೀ ಹಿಡಿದು ಕೂತು, ಒಂದೊಂದೇ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಕಿವಿ ಇಟ್ಟು, ಮತ್ತೆ ತಿರುಗಿಸಿ ಮೂರು ಗಂಟೆ ಕಳೆದಿದ್ದಳು. ಆಮೇಲೆ ಆ ಮರ ಬಾಯಿ ಬಿಟ್ಟಿತು. ಬೇರೆ ಡ್ರಮ್ಮುಗಳ ಹಾಗೆ ಕಿಣಿಗುಟ್ಟುವುದಲ್ಲ. ಗುಡ್ಡದಾಚೆ ಗುಡುಗು ಬಿದ್ದ ಹಾಗೆ, ತಗ್ಗಿನಲ್ಲಿ, ದುಂಡಗೆ, ಎದೆಗೆ ತಾಗಿ ತಟ್ಟನೆ ಆರುವ ದನಿ. ಸೌಂಡ್ ಬಾಕ್ಸುಗಳ ಹಿಂದಿದ್ದ ಶಿಡ್ಲಘಟ್ಟದ ಉಮೇರ್ ತಲೆ ಎತ್ತಿ, "ಯಾ ಅಲ್ಲಾ, ಇದು ಅದೇ ಸೆಟ್ಟಾ?" ಎಂದಿದ್ದ.

ಅಪ್ಪ ಗಂಗುಲಪ್ಪನಿಗೆ ಮಾತ್ರ ಅದು ಹಿಡಿಸಿರಲಿಲ್ಲ.

"ಅಕ್ರೋಟು ಅಂದ್ರೆ ತಿನ್ನೋದಲ್ವೇನಮ್ಮ?"

"ಅದೇ ಮರ ಕಣಪ್ಪ."

"ಸದ್ದು ಯಾಕೋ ಒಳಗೆ ಹೋಗ್ತಾ ಐತೆ."

ಮೈಕು, ವೈರುಗಳ ಗಡಿಬಿಡಿಯಲ್ಲಿ ಅವಳು ಅದಕ್ಕೆ ಉತ್ತರಿಸಿರಲಿಲ್ಲ.

ಈಗ ಮಂಟಪದ ಹಿಂದಿನಿಂದ ಯಾರೋ ಕೂಗಿದರು. ಪವಿತ್ರ ಓಡಿದಳು. ಅಡುಗೆಯವರ ಸೌದೆ ಒಲೆಯ ಮುಂದೆ ಅಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಮಡಿಲಲ್ಲಿ ಫ್ಲೋರ್ ಟಾಮ್. ಅದರ ಮೇಲಿನ ಬಿಳಿ ಪ್ಲಾಸ್ಟಿಕ್ ಹೊದಿಕೆ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ನಡುವೆ ಕುಸಿದಿತ್ತು.

"ಮಳೆಗೆ ತಂಪು ಹಿಡ್ದೈತೆ ಅಂದ್ಕೊಂಡೆ ಕಣಮ್ಮ," ಎಂದ ಅಪ್ಪ. "ಇಂಥಾ ದಿನ ನಿನ್ನ ಮಾನ ಹೋಗ್ಬಾರ್ದು ಅಂತ... ಒಂದ್ ಮೊಳ ದೂರಾನೇ ಹಿಡ್ದಿದ್ದೆ. ತಮಟೆಗೂ ಅಷ್ಟೇ ಹಿಡಿಯೋದು."

ನಲವತ್ತು ವರ್ಷ ತಮಟೆ ಬಾರಿಸಿದ ಕೈ. ಚರ್ಮ ತಂಪು ಹಿಡಿದರೆ ದನಿ ತಗ್ಗುತ್ತದೆ; ಬೆಂಕಿಗೆ ಕಾಯಿಸಿದರೆ ಬಿಗಿದು ಊರಾಚೆಗೂ ಕೇಳುತ್ತದೆ. ಆ ಕಿವಿಗೆ ತಗ್ಗು ದನಿ ಎಂದರೆ ಒದ್ದೆಯಾದ ವಾದ್ಯ. ಆರು ಲಕ್ಷ ಕೊಟ್ಟು ಕೊಳ್ಳುವುದು ಆ ತಗ್ಗನ್ನೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಗಳೂ ಹೇಳಿರಲಿಲ್ಲ.

ಅಷ್ಟರಲ್ಲಿ ಮೋಹನ್‌ಬಾಬು ಬಂದ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟನ್ನು ಕೆಸರಿನಿಂದ ಎತ್ತಿ ಹಿಡಿದಿದ್ದ.

"ಲೇ! ಏನ್ಲಾ ಮಾಡ್ದೆ? ಸತ್ತ ದನದ ಚರ್ಮ ಅಂದ್ಕೊಂಡ್ಯಾ? ಆರು ಲಕ್ಷ ಕಣೋ ಅದು! ಎಲ್ಲಿ ಕೂರ್ಸಿದ್ರೂ ನಿಮ್ ಬುದ್ಧಿ ಒಲೆ ಮುಂದೇನೇ."

ಗಂಗುಲಪ್ಪ ಎದ್ದು ನಿಂತ. ಕೈ ಆಗಲೇ ಜೋಡಿಸಿದ್ದ.

ಉಮೇರ್ ಡ್ರಮ್ ತೆಗೆದುಕೊಂಡು ಬಿಸಿಯಾಗಿದ್ದ ಕಬ್ಬಿಣದ ಬಳೆಯನ್ನು ಬಟ್ಟೆಯಲ್ಲಿ ಹಿಡಿದು ಬಿಚ್ಚಿದ. ಅವರ ಮನೆಯಲ್ಲಿ ಮೂರು ತಲೆಮಾರು ಗೂಡಿನಿಂದ ರೇಷ್ಮೆ ಬಿಚ್ಚಿದವರು. ಎಳೆ ಹುಡುಕುವ ಹಾಗೆ ಬೆರಳ ತುದಿಯನ್ನು ಮರದ ಅಂಚಿನ ಸುತ್ತ ಓಡಿಸಿದ.

"ಮರಕ್ಕೆ ಏನೂ ಆಗಿಲ್ಲ ಬಾಬಣ್ಣ. ಮೇಲಿನ ಹೆಡ್, ಈ ಪ್ಲಾಸ್ಟಿಕ್ಕು, ಹೋಗಿದೆ, ಅಷ್ಟೇ. ಎರಡು ಸಾವಿರದ್ದು. ನನ್ನ ವ್ಯಾನಲ್ಲಿ ಇದೇ ಅಳತೇದು ಒಂದಿದೆ."

"ನೀನು ಸುಮ್ನಿರು."

ಪವಿತ್ರ ಉಮೇರ್ ತಂದ ಹೊದಿಕೆಯನ್ನು ಕೂರಿಸಿ, ವೇದಿಕೆಗೆ ಹೊತ್ತು, ಎದುರುಬದುರು ತಿರುಪುಗಳನ್ನು ಬಿಗಿಸುತ್ತ ಹೋದಳು. ಐದಾಗಿತ್ತು. ಹೂವಿನವರು ಗಂಡುಹೆಣ್ಣಿನ ಕುರ್ಚಿಯ ಹಿಂದೆ ಹಾರ ಕಟ್ಟುತ್ತಿದ್ದರು. ಐದೂಕಾಲಿಗೆ ಕೋಲೆತ್ತಿ ಒಂದೇ ಪೆಟ್ಟು ಕೊಟ್ಟಳು. ಗುಡ್ಡದಾಚೆಯ ಗುಡುಗು ಮರಳಿ ಬಂತು. ಹೂವಿನವರ ಕೈ ನಿಂತಿತು.

"ಇದು ಒದ್ದೆ ಅಲ್ಲ ಕಣಪ್ಪ," ಎಂದಳು, ಹಿಂದೆಯೇ ಬಂದು ನಿಂತಿದ್ದ ಅಪ್ಪನಿಗೆ. "ಈ ಮರದ ಗುಣಾನೇ ಇದು. ನಾನು ಬೆಳಿಗ್ಗೇನೇ ಹೇಳ್ಬೇಕಿತ್ತು."

ಅಪ್ಪ ಕಣ್ಣು ಮುಚ್ಚಿ ಕೇಳಿದ. "ಸರಿ ಹಂಗಾದ್ರೆ. ಹೊಟ್ಟೆಯಿಂದ ಮಾತಾಡ್ತದೆ," ಎಂದ.

ಮೋಹನ್‌ಬಾಬುವಿಗೂ ಸರಿಯಾಗಿದ್ದು ಗೊತ್ತಾಯಿತು. ಆದರೂ ಅವನು ಫೋನು ತೆಗೆದ.

"ಆಯ್ತು, ಸೀಟು ನಿಂದೇ. ಅದಕ್ಕೆ ಮುಂಚೆ ನಿಮ್ಮಪ್ಪ ಇಲ್ಲಿ ನಿಂತು, ಕೈ ಮುಗಿದು, ತಪ್ಪಾಯ್ತು ಸ್ವಾಮಿ, ನಮ್ಮಂಥೋರು ಇಂಥಾ ವಸ್ತು ಮುಟ್ಬಾರ್ದಿತ್ತು ಅಂತ ಹೇಳ್ಲಿ. ವಿಡಿಯೋ ಮಾಡಿ ಆರ್ಕೆಸ್ಟ್ರಾ ಗ್ರೂಪಿಗೆ ಹಾಕ್ತೀನಿ. ಎಲ್ರಿಗೂ ಪಾಠ ಆಗ್ಲಿ."

"ತಪ್ಪಾಯ್ತು ಅಂತ ಹೇಳೋದ್ರಲ್ಲಿ ಏನೈತೆ," ಗಂಗುಲಪ್ಪ ಮುಂದೆ ಬಂದ. "ಹೇಳ್ತೀನಿ ಸ್ವಾಮಿ. ಮಗಳನ್ನ ಕೂರಿಸಿ."

ಹೆಣ ಎತ್ತಲು, ದೇವರನ್ನು ಹೊರಡಿಸಲು ತಮಟೆ ಬೇಕು. ತಮಟೆಯವನಿಗೆ ಮಾತ್ರ ಊಟದ ಎಲೆ ಹೊರಗೆ. ಆ ಎಲೆಗಳ ಮುಂದೆ ನಲವತ್ತು ವರ್ಷ ಬಗ್ಗಿದ ಬೆನ್ನು, ಈಗ ಒಂದು ಫೋನಿನ ಮುಂದೆ ಮತ್ತೆ ಬಗ್ಗುತ್ತಿತ್ತು. ವಿಡಿಯೋದ ಕೆಂಪು ಚುಕ್ಕೆ ಹೊತ್ತಿತು.

ಪವಿತ್ರ ಎದ್ದು ಬಂದು ಅಪ್ಪನ ಜೋಡಿಸಿದ ಕೈಗಳನ್ನು ಬಿಡಿಸಿದಳು.

"ಎರಡು ಸಾವಿರ ನಾನು ಉಮೇರ್‌ಗೆ ಕೊಡ್ತೀನಿ ಸಾರ್. ಕೆಡಿಸಿದ್ದಕ್ಕೆ ಅಷ್ಟೇ ಆಗೋದು. ಮುಟ್ಟಿದ್ದಕ್ಕೆ ಏನೂ ಇಲ್ಲ."

"ಹಂಗಾದ್ರೆ ಸೀಟೂ ಇಲ್ಲ. ಚಿಂತಾಮಣಿಯಿಂದ ಒಬ್ಬನ್ನ ಕರೆಸ್ತೀನಿ, ಮುಕ್ಕಾಲು ಗಂಟೇಲಿ ಬರ್ತಾನೆ."

"ಕರೆಸ್ಕೊಳ್ಳಿ."

ಅವಳು ಮತ್ತೆ ಕೂತಳು. ಮೋಹನ್‌ಬಾಬು ನಕ್ಕ, ಮಣಿದಳು ಅಂದುಕೊಂಡಿರಬೇಕು. ಅವಳು ಕೀ ಹಾಕಿ ಮೊದಲನೇ ತಿರುಪನ್ನು ಸಡಿಲಿಸಿದಳು. ಆಮೇಲೆ ಅದರ ಎದುರಿನದು. ಸಣ್ಣ ಡ್ರಮ್ಮು ಮುಗಿಸಿ ಪಕ್ಕದ್ದಕ್ಕೆ ಹೋದಳು.

"ಏಯ್, ಏನ್ ಮಾಡ್ತಿದ್ದೀಯ?"

"ಬೆಳಿಗ್ಗೆ ಹೆಂಗಿತ್ತೋ ಹಂಗೆ ಇಡ್ತಿದ್ದೀನಿ. ಈ ಮೂರು ಗಂಟೆ ಕೆಲ್ಸ ನಂದು, ವಾಪಸ್ ತಗೊಂಡು ಹೋಗ್ತೀನಿ. ಮರಕ್ಕೆ ಗೀರೂ ಬೀಳಲ್ಲ, ಹೆದರ್ಬೇಡಿ."

"ಉಮೇರ್, ಹಿಡಿಯೋ ಅವಳನ್ನ!"

ಉಮೇರ್ ವೈರು ಸುತ್ತುತ್ತ ಕೂತ.

ಮೋಹನ್‌ಬಾಬು ಬಗ್ಗಿ, ಅವಳು ಆಗಲೇ ಸಡಿಲಿಸಿದ್ದ ಫ್ಲೋರ್ ಟಾಮಿಗೆ ತಾನೇ ಗುದ್ದಿದ. ತೊಪ್ ಎಂದಿತು. ಮತ್ತೆ ಗುದ್ದಿದ. ಮತ್ತೂ ತೊಪ್. ಬಾಗಿಲಲ್ಲಿ ಬೀಗರ ಮೊದಲ ಕಾರು ನಿಲ್ಲುತ್ತಿತ್ತು. ಅವನ ದನಿ ಬದಲಾಯಿತು. "ಪವಿತ್ರಾ, ನೋಡಮ್ಮ, ವಿಡಿಯೋ ಬೇಡ. ಇಲ್ಲೇ, ನಮ್ಮ ನಾಲ್ಕು ಜನರ ಮುಂದೆ ನಿಮ್ಮಪ್ಪ ಒಂದು ಮಾತು ಹೇಳಿಬಿಡ್ಲಿ, ಸಾಕು."

ಅವಳು ಕೊನೆಯ ತಿರುಪು ಸಡಿಲಿಸಿ, ಕೀಯನ್ನು ಡ್ರಮ್ಮಿನ ಮೇಲಿಟ್ಟು, ತನ್ನ ಎರಡು ಕೋಲುಗಳನ್ನು ಬ್ಯಾಗಿಗೆ ಹಾಕಿಕೊಂಡಳು.

ಹೊರಗೆ ಜಿನುಗು ನಿಂತಿರಲಿಲ್ಲ. ಗೇಟಿನ ಹತ್ತಿರ ಗಂಗುಲಪ್ಪ ಅವಳ ತೋಳು ಹಿಡಿದ.

"ಹೋಗಮ್ಮ, ಬಾರ್ಸು. ನಾನೊಂದು ಸಲ ಕೈ ಮುಗಿದ್ರೆ ಏನ್ ಕಳ್ಕೊಂಡೇನು? ಎರಡು ವರ್ಷ ಕಾದಿದ್ದೀಯ."

"ಇವತ್ತು ನೀನು ಮುಗಿದ್ರೆ, ಆ ಸೀಟಲ್ಲಿ ಕೂತಿರೋಗಂಟ ದಿನಾ ನಾನು ಮುಗೀಬೇಕು ಕಣಪ್ಪ."

ಗೌರಿಬಿದನೂರಿನ ಬಸ್ಸಿಗೆ ಅವರು ಹೆದ್ದಾರಿಯ ಅಂಚಿನಲ್ಲಿ ನಡೆದರು. ಅಭ್ಯಾಸಬಲದಿಂದ ಅಪ್ಪ ಎರಡು ಹೆಜ್ಜೆ ಹಿಂದೆ ಬರುತ್ತಿದ್ದ. ಅವಳು ನಿಂತಳು. ಅವನು ಸಮಕ್ಕೆ ಬಂದ ಮೇಲೆಯೇ ಮುಂದಿನ ಹೆಜ್ಜೆ ಇಟ್ಟಳು.