ಬೋರಲು ಬಿಲ್ಲೆ

“ಕಾಕಾ, ಏಳ್ರಿ. ಎಲ್ಲಾ ಕಿತ್ತಾತು. ನೀವು ಕುಂತ ಜಾಗಾ ಅಷ್ಟ ಉಳದದ,” ಎಂದ ಗೌಂಡಿ ಅಬ್ದುಲ್ ಕರೀಂ, ಸಬ್ಬಲವನ್ನು ಗೋಡೆಗೆ ಒರಗಿಸುತ್ತ.

ಸಿದ್ದಪ್ಪ ಏಳಲಿಲ್ಲ. ಅಡುಗೆಮನೆಯ ಹೊಸ್ತಿಲ ಮುಂದೆ, ಊಟಕ್ಕೆ ಕೂತವನಂತೆ ಕಾಲು ಮಡಚಿ ಕೂತೇ ಇದ್ದ. ಪಡಸಾಲೆಯ ತುಂಬ ನೆಲದಿಂದ ಕಿತ್ತ ಕೆಂಪು ಮಣ್ಣಿನ ಬಿಲ್ಲೆಗಳ ಚೂರು. ಅಂಗಳದಲ್ಲಿ ಶಹಾಬಾದ ಫರಸಿಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಮಗ ವೈಜನಾಥ ಬೆಳಿಗ್ಗೆಯೇ ಹುಮನಾಬಾದಿನಿಂದ ಲಾರಿಯಲ್ಲಿ ಹೇರಿಸಿಕೊಂಡು ಬಂದಿದ್ದ.

“ಅಪ್ಪಾ, ಇದೇನ್ ಹಟಾರಿ? ಅವ್ವ ಎಡವಬಾರದು ಅಂತ ಮಾಡ್ಸಾಕತ್ತೀನಿ. ನನಗೇನ್ ಹೌಸಿ ಬಂದದೇನು?”

ಮಗನ ಮಾತಿನಲ್ಲಿ ತಪ್ಪೇನಿರಲಿಲ್ಲ. ಹೆಂಡತಿ ಅಂಬುಬಾಯಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಕಾಲೆಳೆದು ನಡೆಯುವವಳು ಹೋದ ತಿಂಗಳು ಇದೇ ಹೊಸ್ತಿಲ ಮುಂದಿನ ಕುಳಿಗೆ ಬೆರಳು ಸಿಕ್ಕಿಸಿಕೊಂಡು ಬಿದ್ದು ಹಣೆ ಒಡೆದುಕೊಂಡಿದ್ದಳು. ಸಂಜೆ ದೀಪ ಹಚ್ಚಿದಾಗ ಕೈ ಮುಗಿಯಲು ಬಾರದೆ ಎಡಗೈಯೊಂದನ್ನೇ ಹಣೆಗೆ ಮುಟ್ಟಿಸಿ, ಯಾರಾದರೂ ನೋಡಿದರೇನೋ ಎಂದು ನಾಚಿಕೊಂಡು ಸೆರಗು ಎಳೆದುಕೊಳ್ಳುತ್ತಿದ್ದಳು. ಈಗ ಅಂಗಳದ ಬೇವಿನ ಕೆಳಗೆ ಹೊರಸಿನ ಮೇಲೆ ಕೂತು, ತನ್ನ ಕೈಯಾರೆ ಮಾಡಿದ ನೆಲ ಬುಟ್ಟಿ ಬುಟ್ಟಿಯಾಗಿ ಹೊರಗೆ ಬೀಳುವುದನ್ನು ನೋಡುತ್ತಿದ್ದಳು.

“ಇದೊಂದು ನಾ ತೆಗೀತೀನಿ. ಉಳಿ ಕೊಡು ಇತ್ತ,” ಎಂದ ಸಿದ್ದಪ್ಪ.

“ಇಡಿಯಾಗಿ ಬೇಕೇನ್ರಿ? ಗಚ್ಚು ಕಚ್ಚಿ ಹಿಡದದ. ಒಂದೂ ಇಡಿಯಾಗಿ ಬಂದಿಲ್ಲ ನೋಡ್ರಿ.”

“ಇದು ಬರಬೇಕು,” ಎಂದ ಸಿದ್ದಪ್ಪ.

ಅವರ ಊರು ಕಲ್ಯಾಣ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರ ಮಾತು. ವೈಜನಾಥ ಆಗ ತೊಟ್ಟಿಲಲ್ಲಿದ್ದ. ಕುಂಬಾರರ ಮನೆಯಲ್ಲಿ ಹೆಂಗಸು ಮಣ್ಣು ತರಬಹುದು, ತುಳಿಯಬಹುದು, ಸುಟ್ಟದ್ದನ್ನು ತಲೆ ಮೇಲೆ ಹೊತ್ತು ಸಂತೆಯಲ್ಲಿ ಮಾರಬಹುದು. ಗಡಿಗೆ ತಿರುಗಿಸುವ ತಿಗರಿಯ ಮುಂದೆ ಮಾತ್ರ ಕೂರುವಂತಿಲ್ಲ. ಆದರೆ ಬಿಲ್ಲೆಗೆ ತಿಗರಿ ಯಾಕೆ ಬೇಕು? ಕಟ್ಟಿಗೆಯ ಅಚ್ಚು, ಸಾಚಾ, ಒಂದಿದ್ದರೆ ಸಾಕು. ಅಂಬುಬಾಯಿ ತ್ರಿಪುರಾಂತ ಕೆರೆಯ ಮಣ್ಣು ತಂದು, ಸೋಸಿ, ಹದ ಮಾಡಿ, ಸಾಚಾದಲ್ಲಿ ತುಂಬಿ ಬಡಿದಳು. ನೆರಳಲ್ಲಿ ಒಣಗಿಸಿ, ಸೊಟ್ಟಾಗದಂತೆ ಮಗುಚಿ ಮಗುಚಿ ಹಾಕಿದಳು. ಮೇಲ್ಮುಖಕ್ಕೆ ಕೆಮ್ಮಣ್ಣು ಸವರಿ, ಹೊಳೆಗಲ್ಲಿನಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದಳು. ಅಷ್ಟು ಖುಷಿಯಾಗಿ ಅವಳನ್ನು ಸಿದ್ದಪ್ಪ ಮದುವೆಯಲ್ಲೂ ನೋಡಿರಲಿಲ್ಲ. ಕಡೆಯ ಬಿಲ್ಲೆ ಇನ್ನೂ ಹಸಿಯಿದ್ದಾಗ ಅದರ ಮೇಲೆ ಬಲಗೈ ಊರಿ ಒತ್ತಿದಳು.

“ಇದೇನ ಮಾಡಿದಿ?”

“ಹೊಸ ಮನಿ ಬಾಗಲಿಗಿ ಅರಿಶಿಣದ ಕೈ ಒತ್ತತಾರಲ್ರಿ, ಹಂಗ. ಅದು ಒಂದು ಮಳಿಗಿ ಹೋಗತದ. ಇದು ಹೋಗಂಗಿಲ್ಲ. ಒಲಿ ಕಡಿ ಹೊಸ್ತಿಲ ಮುಂದ ಹಾಕ್ರಿ. ನಾ ದಿನಾ ನೋಡತೀನಿ.”

ಬಿಲ್ಲೆ ಸುಡುವ ಆವಗಿಗೆ ಬೆಂಕಿ ಇಟ್ಟ ಮೇಲೆ ಅವಳು ಅಣ್ಣನ ಮಗನ ಹೆಸರಿಡುವುದಕ್ಕೆಂದು ಕೂಸನ್ನು ಎತ್ತಿಕೊಂಡು ತವರೂರು ಮೋರಖಂಡಿಗೆ ಹೋದಳು. ಇತ್ತ ಹುಮನಾಬಾದಿನ ಅಡತಿ ಸಾಹುಕಾರ ಮಹಾರುದ್ರಪ್ಪ, ನೆಲ ನೋಡಲು ಬರುತ್ತೇನೆ, ಮನಸ್ಸಿಗೆ ಬಂದರೆ ತನ್ನ ಮನೆಗೂ ಹಾಕಿಸುತ್ತೇನೆ ಎಂದು ಹೇಳಿ ಕಳಿಸಿದ. ಆವಗಿ ಬಿಚ್ಚಿದರೆ ಕೈಯ ಬಿಲ್ಲೆ ಒಂದು ಕೂದಲೆಳೆ ಸೀಳಿಲ್ಲದೆ, ಕೆಂಪಗೆ, ಗಣಗಣ ಎನ್ನುತ್ತ ಬಂದಿತ್ತು. ಸಿದ್ದಪ್ಪ ಅದನ್ನು ಹಿಡಿದುಕೊಂಡು ನಿಂತ. ಸಣ್ಣ ಕೈ, ಬಳೆಯ ಗುರುತಿನ ಸಮೇತ. ಕಂಡವರಿಗೆಲ್ಲ ‘ನನ್ನ ಬಿಲ್ಲೆ, ನನ್ನ ಕಸಬು’ ಎಂದು ಹೇಳಿಕೊಂಡು ತಿರುಗಿದ್ದ. ಸಾಹುಕಾರ ಇದನ್ನು ನೋಡಿದರೆ? ಹೆಂಡತಿ ಮಾಡಿದ್ದಕ್ಕೆ ಮೀಸೆ ತಿರುವುತ್ತಾನೆ ಎಂದು ನಕ್ಕರೆ?

ಎಂಥ ಗಂಡಸೋ! ಬಿಲ್ಲೆಯನ್ನು ಬೋರಲು ಹಾಕಿದ. ಉಜ್ಜಿದ ಮುಖ ಕೆಳಗೆ, ಒರಟು ಬೆನ್ನು ಮೇಲೆ. ಬೆನ್ನಿಗೆ ಕೆಮ್ಮಣ್ಣು ಬಳಿದು, ಎಣ್ಣೆ ತಿಕ್ಕಿ, ಉಳಿದವುಗಳ ಜೊತೆ ಒಂದು ಮಾಡಿದ. ಸಾಹುಕಾರ ಬಂದ, ನೋಡಿದ, ಭೇಷ್ ಎಂದ.

ಅಂಬುಬಾಯಿ ಬಂದವಳು ಕೂಸನ್ನು ಕಂಕುಳಿಂದ ಇಳಿಸದೆ ನೇರ ಹೊಸ್ತಿಲಿಗೆ ನಡೆದಳು.

“ನನ್ನ ಕೈ ಎಲ್ಲ್ಯದರಿ?”

“ಆವಗ್ಯಾಗ ಸೀಳಿತು,” ಎಂದುಬಿಟ್ಟ.

ಹೇಳಬಾರದ ಸುಳ್ಳು ಅದು. ‘ಮರೆತೆ’ ಎನ್ನಬಹುದಿತ್ತು, ‘ಕೈಜಾರಿ ಬಿತ್ತು’ ಎನ್ನಬಹುದಿತ್ತು. ಕುಂಬಾರರಲ್ಲಿ ಯಾರದಾದರೂ ಗುರುತು ಹೊತ್ತದ್ದು ಆವಗಿಯಲ್ಲಿ ಸೀಳಿದರೆ ಬೆಂಕಿ ಆ ಕೈಯನ್ನು ಒಲ್ಲೆ ಎಂದಿತು ಅಂತಲೇ ಲೆಕ್ಕ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಆ ಗಳಿಗೆಗೆ ನೆನಪಾಗಲಿಲ್ಲ ಅಷ್ಟೆ. ಅಂಬುಬಾಯಿ ತನ್ನ ಬಲಗೈ ಮಗುಚಿ ನೋಡಿಕೊಂಡಳು. ಆಮೇಲೆ ಕೂಸಿಗೆ ಹಾಲು ಕುಡಿಸಲು ಒಳಗೆ ಹೋದಳು.

ಸಾಹುಕಾರನ ಮನೆಯ ಬಿಲ್ಲೆಗೆ ಮಣ್ಣು ಬಂದು ಬಿದ್ದಾಗ ಅವಳು ಸಾಚಾ ಮುಟ್ಟಲಿಲ್ಲ. “ಬ್ಯಾಡ್ರಿ, ನನ್ನ ಕೈ ಛಲೋ ಇಲ್ಲ. ನಿಮ್ಮ ಆವಗಿ ಯಾಕ ಕೆಡಸಲಿ?” ಎಂದಳು. ಸಿದ್ದಪ್ಪ ತಾನೇ ಬಡಿದ, ಎಲ್ಲ ಸೊಟ್ಟಾದವು. ಸಾಹುಕಾರ ಕಾದು ಕಾದು ಶಹಾಬಾದ ಕಲ್ಲು ಹಾಸಿಕೊಂಡ. ಅವಳು ಆಮೇಲೆ ಮಣ್ಣನ್ನೇ ಮುಟ್ಟಲಿಲ್ಲ. ನಾಗರಪಂಚಮಿಗೆ ಮಣ್ಣಿನ ನಾಗಪ್ಪನನ್ನು ಮಾಡುವುದಕ್ಕೂ ಪಕ್ಕದ ಮನೆಯ ಜಿಜಾಬಾಯಿಯನ್ನು ಕರೆಯುತ್ತಿದ್ದಳು.

ಇವತ್ತು ಹೇಳುತ್ತೇನೆ, ಹಬ್ಬ ಕಳೆಯಲಿ ಹೇಳುತ್ತೇನೆ ಎಂದುಕೊಳ್ಳುತ್ತ ಸಿದ್ದಪ್ಪ ಮುದುಕನಾದ. ದಿನಾ ಅದೇ ಹೊಸ್ತಿಲ ಮುಂದೆ ಉಣ್ಣಲು ಕೂರುತ್ತಿದ್ದ, ಅವಳು ಬಡಿಸುತ್ತಿದ್ದಳು, ಮಾತು ರೊಟ್ಟಿಯ ಜೊತೆ ಒಳಗೆ ಹೋಗುತ್ತಿತ್ತು. ಉಜ್ಜದ ಬೆನ್ನು ಎಷ್ಟು ದಿನ ತಾಳೀತು? ಉಳಿದ ಬಿಲ್ಲೆಗಳಿಗಿಂತ ಮೊದಲು ಅದೇ ಸವೆದು ಕುಳಿಬಿತ್ತು. ಅವಳು ಎಡವಿ ಬಿದ್ದದ್ದು ಆ ಕುಳಿಗೇ. ಅದು ಅವನೊಬ್ಬನಿಗೇ ಗೊತ್ತು.

ಸಿದ್ದಪ್ಪ ಉಳಿಯನ್ನು ಸಂದಿಯಲ್ಲಿಟ್ಟು ಮೆಲ್ಲಗೆ ತಟ್ಟಿದ. ನಾಲ್ಕೂ ಕಡೆಯ ಗಚ್ಚು ಕೆರೆದ. ಕರೀಂ “ನಾ ಹಿಡೀಲೇನ್ರಿ?” ಎಂದರೆ ತಲೆಯಾಡಿಸಿ ಬೇಡವೆಂದ. ಇಡಿಯಾಗಿ ಬಂದರೆ ಹಾಗೇ ಎತ್ತಿಕೊಂಡು ಹೋಗಿ ಅವಳ ತೊಡೆಯ ಮೇಲಿಡಬೇಕು. ನೋಡು, ಬೆಂಕಿ ನಿನ್ನ ಕೈಯನ್ನು ಒಲ್ಲೆ ಅಂದಿರಲಿಲ್ಲ, ಒಲ್ಲೆ ಅಂದವನು ನಾನು ಎನ್ನಬೇಕು. ಉಳಿಯನ್ನು ಅಡಿಗೆ ತೂರಿಸಿ ಮೀಟಿದ. ಬಿಲ್ಲೆ ಅಲುಗಿತು. ಇನ್ನೊಮ್ಮೆ ಮೀಟಿದ. ಸವೆದು ತೆಳ್ಳಗಾಗಿದ್ದ ನಡುಭಾಗ ಟಪ್ಪೆಂದು ಸೀಳಿ, ಬಿಲ್ಲೆ ಚೂರುಚೂರಾಯಿತು.

ಸಿದ್ದಪ್ಪ ಒಂದು ಚೂರನ್ನು ಹಿಡಿದುಕೊಂಡು ಹಾಗೇ ಕೂತ. ಅದರಲ್ಲಿ ಅರ್ಧ ಬೆರಳಿನ ತಗ್ಗಿತ್ತು. ಅಂದು ಆಡಿದ ಸುಳ್ಳು ಇಂದು ಅವನ ಕೈಯಲ್ಲೇ ನಿಜವಾಗಿತ್ತು. ಅವನಿಗೆ ಅಳು ಬಂತು. ಮಗನ ಮುಂದೆ, ಗೌಂಡಿಯ ಮುಂದೆ ತಡೆಯದೆ ಅತ್ತ.

“ಅಪ್ಪಾ, ಏನಾತ್ರಿ?” ವೈಜನಾಥ ಗಾಬರಿಯಾದ.

ಕರೀಂ ಉಳಿದ ಚೂರುಗಳನ್ನು ಸರಿಸಿ ಬಗ್ಗಿ ನೋಡಿದ. ಬಾಯಿಂದ ಧೂಳು ಊದಿದ. “ಯಾ ಅಲ್ಲಾ! ಕಾಕಾ, ಇಲ್ಲಿ ನೋಡ್ರಿ.”

ಬಿಲ್ಲೆಯ ತಗ್ಗಿನಲ್ಲಿ ತುಂಬಿ ಗಟ್ಟಿಯಾಗಿದ್ದ ಬಿಳಿ ಗಚ್ಚು, ಅಂಗೈ ಮೇಲಾದ ಒಂದು ಕೈಯಾಗಿ ನೆಲದಲ್ಲಿ ಎದ್ದು ನಿಂತಿತ್ತು. ಐದು ಬೆರಳು, ಅಂಗೈಯ ಗೆರೆ, ಮಣಿಕಟ್ಟಿನ ಹತ್ತಿರ ಬಳೆಯ ಅಂಚು.

ವೈಜನಾಥ ತಾಯಿಯನ್ನು ತೋಳು ಹಿಡಿದು ಕರೆತಂದು ನೆಲಕ್ಕೆ ಕೂರಿಸಿದ. ಅಂಬುಬಾಯಿ ನೋಡಿದಳು. ಗಂಡನ ಮುಖ ನೋಡಿದಳು.

“ಸೀಳಿರಲಿಲ್ಲ. ನಾನೇ ಬೋರಲ ಹಾಕಿದ್ದೆ. ಮಂದಿ ನಗತಾರಂತ,” ಎಂದ ಸಿದ್ದಪ್ಪ. “ನಿನ್ನ ಕೈ ಛಲೋ ಇತ್ತು, ಅಂಬು. ಬೆಂಕಿಗಿ ಛಲೋ ಇತ್ತು.”

ಅಂಬುಬಾಯಿಯ ಸತ್ತ ಬಲಗೈ ಮಡಿಲಲ್ಲಿ ಬಿದ್ದಿತ್ತು. ಎಡಗೈ ಚಾಚಿ ಗಚ್ಚಿನ ಕೈಯ ಮೇಲೆ ಇಟ್ಟಳು. ಹೆಬ್ಬೆರಳಿಗೆ ಹೆಬ್ಬೆರಳು, ಕಿರುಬೆರಳಿಗೆ ಕಿರುಬೆರಳು ಕೂಡಿದವು. ಅವಳ ಬೆರಳುಗಳು ಮಾತ್ರ ಒಂದಿಷ್ಟು ಹೊರಗೆ ಚಾಚಿಕೊಂಡಿದ್ದವು.

“ಇಷ್ಟ ಸಣ್ಣದಿತ್ತೇನ್ರಿ ನನ್ನ ಕೈ?”

ಒಣಗಿ ಸುಟ್ಟ ಮೇಲೆ ಮಣ್ಣು ಕುಗ್ಗುತ್ತದೆ. ಅದು ಕುಂಬಾರನಿಗೆ ಗೊತ್ತು, ಕುಂಬಾರನ ಹೆಂಡತಿಗೂ ಒಂದು ಕಾಲಕ್ಕೆ ಗೊತ್ತಿತ್ತು. ಕರೀಂ ಫರಸಿಕಲ್ಲಿಗೆಂದು ಕಲಸುತ್ತಿದ್ದ ಗಚ್ಚನ್ನು ಬಿಟ್ಟು ಅಂಗಳಕ್ಕೆ ಹೋಗಿ ಬೀಡಿ ಹಚ್ಚಿದ. ಅಂಬುಬಾಯಿ ಆ ಎರಡು ಅಂಗೈಗಳನ್ನು ಹಾಗೇ ಕೂಡಿಸಿಕೊಂಡು ಕೂತಿದ್ದಳು.