ಹಿಂದಿನ ಫಲಿತಾಂಶ

ಯಂತ್ರದ ಹಸಿರು ದೀಪ ಮಿಣುಕುತ್ತಿದೆ, ಇನ್ನೂ ಹದಿನೆಂಟು ನಿಮಿಷ, ಒಳಗಿರುವುದು ಅಕ್ಕನ ರಕ್ತ, ಬೇರೆ ಯಾರದೋ ಆಗಿದ್ದರೆ ಇಷ್ಟು ಹೊತ್ತಿಗೆ ಇವಳು ಮುಂದಿನ ಟ್ಯೂಬಿಗೆ ಚೀಟಿ ಅಂಟಿಸುತ್ತಿದ್ದಳು, ಇಪ್ಪತ್ತೆರಡು ವರ್ಷದಿಂದ ಈ ಲ್ಯಾಬಿನಲ್ಲಿ ಅದನ್ನೇ ತಾನೆ ಮಾಡಿದ್ದು, ಆದರೆ ಇವತ್ತು ಯಂತ್ರದ ಮುಂದೆಯೇ ಕೂತಿದ್ದಾಳೆ — ಸುಳ್ಳು ಹೇಳಿಬಿಟ್ಟಳಲ್ಲ ಅಕ್ಕ, ಡಾಕ್ಟರಮ್ಮನ ಎದುರಿಗೇ, ನನ್ನ ತಂಗಿ ಮೂರು ತಿಂಗಳ ಹಿಂದೇನೇ ಹೇಳಿದ್ಲು ಡಾಕ್ಟ್ರೇ, ಹೋಗಿ ತೋರಿಸ್ಕೋ ಅಂತ, ನಾನೇ ಸೋಮಾರಿ, ಬರ್ಲಿಲ್ಲ. ಡಾಕ್ಟರಮ್ಮ ಗದರಿದರು, ಮನೇಲೇ ತಿಳಿದವಳು ಇದ್ದೂ ಹೀಗಾ ಮಾಡ್ಕೊಳ್ಳೋದು? ಅಕ್ಕ ತಲೆ ತಗ್ಗಿಸಿ ನಕ್ಕಳು, ಪಕ್ಕದಲ್ಲೇ ನಿಂತಿದ್ದಳು ಇವಳು. ಥೂ, ಇಲ್ಲ ಡಾಕ್ಟ್ರೇ, ತಪ್ಪು ನಂದು ಅನ್ನೋಕೆ ನಾಲಿಗೆ ಹೊರಳಲಿಲ್ಲ.

ಮೂರು ತಿಂಗಳ ಹಿಂದೆ ಆವತ್ತು, ಇದೇ ಸ್ಟೂಲು, ಅಕ್ಕ ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ, ಪುಟ್ಟಿ, ಒಂದು ಸಾಲು ಹಾಡೋಕೆ ಎರಡು ಸಲ ಉಸಿರು ತಗೋತಿದೀನಿ ಕಣೇ, ಮಕ್ಕಳು ನಗ್ತಾವೆ — ಶಾಲೆಯಲ್ಲಿ ಹಾಡು ಕಲಿಸುವವಳು ಅವಳು, ಒಂದು ಕಾಲಕ್ಕೆ ಆ ದನಿ ಮೂರು ಬೀದಿ ಆಚೆಗೆ ಕೇಳಿಸುತ್ತಿತ್ತು. ಬಾ, ನೋಡೇಬಿಡೋಣ ಅಂತ ಊಟದ ಬಿಡುವಿನಲ್ಲಿ ಡಾಕ್ಟರ ಚೀಟಿ ಇಲ್ಲ, ದಾಖಲೆ ಇಲ್ಲ, ಸುಮ್ಮನೆ ಒಂದು ಬಿಎನ್‌ಪಿ ಪರೀಕ್ಷೆ ಹಾಕಿದ್ದಳು ಇವಳು. ಹೃದಯ ಹಿಗ್ಗಿ ಹೈರಾಣಾದರೆ ತಾನೇ ರಕ್ತಕ್ಕೆ ಬಿಡುವ ಹಾರ್ಮೋನು, ನೂರರ ಕೆಳಗಿದ್ದರೆ ಚಿಂತೆ ಇಲ್ಲ ಅಂತ ಗೋಡೆಯ ಪಟ್ಟಿಯಲ್ಲೇ ಇದೆ. ಎಂಬತ್ತಾರು ಬಂತು. ನಿನ್ನ ಹಾರ್ಟು ಗುಂಡುಕಲ್ಲಿನ ಹಾಗಿದೆ ತಾಯಿ, ತೂಕ ಇಳಿಸು, ಡಾಕ್ಟರೂ ಬೇಡ ಗೀಕ್ಟರೂ ಬೇಡ — ಇಬ್ಬರೂ ಬಿದ್ದು ಬಿದ್ದು ನಕ್ಕರು, ನಗುತ್ತಲೇ ಅಕ್ಕ ಬಗ್ಗಲಾರದೆ ಕಾಲು ಚಾಚಿದಳು, ಈ ಕಾಲುಚೀಲ ಒಂಚೂರು ಸಡಿಲ ಮಾಡೇ, ಬಿಗೀತಿದೆ. ಸಡಿಲ ಮಾಡಿದ್ದು ಇವಳೇ, ಗೀರು ಕಂಡದ್ದೂ ಇವಳಿಗೇ, ಎಲಾಸ್ಟಿಕ್ಕು ಕೊರೆದ ಗೀರು, ಕಾಲಿನ ಸುತ್ತ, ಬೆರಳು ಕೂರುವಷ್ಟು ಆಳ. ಹೊಸಾದು ತಗೋ ಅಂದಳು, ಅಷ್ಟೇ.

ದಪ್ಪ ಮೈಯವರಲ್ಲಿ ಈ ಬಿಎನ್‌ಪಿ ಸಂಖ್ಯೆ ಕಡಿಮೇನೇ ಬರುತ್ತೆ, ಐವತ್ತು ದಾಟಿದ್ರೇ ಅನುಮಾನ ಪಡಬೇಕು, ಬರೀ ಸಂಖ್ಯೆ ನೋಡಿದ್ರೆ ಮೋಸ ಹೋಗ್ತೀವಿ, ಕಾಲಲ್ಲಿ ನೀರು ತುಂಬಿರೋದೂ ನೋಡ್ಬೇಕು — ಡಾಕ್ಟರಮ್ಮ ಬೆಳಿಗ್ಗೆ ಅಕ್ಕನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ, ಬಿದ್ದ ಗುಂಡಿ ಮೇಲೇಳದ್ದನ್ನು ನೋಡುತ್ತಾ ಹೇಳಿದ್ದು. ಮಲಗಿದ್ರೆ ಉಸಿರು ಕಟ್ಟುತ್ತೆ, ಮೂರು ದಿಂಬು ಬೇಕು ಅಂತ ಅಕ್ಕ. ಸ್ಕ್ಯಾನ್ ಆಗಲಿ, ಮಾತ್ರೆ ಶುರು ಮಾಡೋಣ, ಆಗಾಗ ಇದೇ ಪರೀಕ್ಷೆ ನೋಡ್ಕೊಂಡು ಹೆಚ್ಚು ಕಡಿಮೆ ಮಾಡೋಣ, ಇಳೀತಾ ಬಂದ್ರೆ ಗೆದ್ದ ಹಾಗೆ, ಹಿಂದೆ ಯಾವಾಗಲಾದ್ರೂ ಮಾಡಿಸಿದ್ರಾ, ಎಷ್ಟು ಬೇಗ ಏರಿದೆ ಅಂತ ಗೊತ್ತಾಗ್ಬೇಕು, ಅಂದರು ಡಾಕ್ಟರಮ್ಮ. ಇಲ್ಲ, ಅಂದಳು ಅಕ್ಕ, ಇವಳ ಕಡೆ ತಿರುಗಿಯೂ ನೋಡದೆ.

ಕೀಂ ಅಂತು ಯಂತ್ರ. ಏಳುನೂರ ಹನ್ನೆರಡು. ಅಯ್ಯೋ ಅಕ್ಕ. ವರದಿಯಲ್ಲಿ ಹಿಂದಿನ ಫಲಿತಾಂಶ ಅನ್ನುವ ಜಾಗ ಖಾಲಿ, ಖಾಲಿ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಅಕ್ಕನ ಮಾತೂ ಉಳಿಯುತ್ತೆ, ಕೆಲಸವೂ ಉಳಿಯುತ್ತೆ, ಬರೆದರೆ — ಬಾಗಿಲಾಚೆ ಬೆಂಚಿನ ಮೇಲೆ ಅಕ್ಕ ಗುನುಗುತ್ತಿದ್ದಾಳೆ, ಸಾಲಿನ ನಡುವೆ ನಿಲ್ಲುತ್ತಾಳೆ, ಮತ್ತೆ ಶುರು ಮಾಡುತ್ತಾಳೆ, ಮತ್ತೆ ನಿಲ್ಲುತ್ತಾಳೆ. ಪೆನ್ನು ತೆಗೆದಳು, ಎಂಬತ್ತಾರು, ಮೂರು ತಿಂಗಳ ಹಿಂದೆ, ಪರೀಕ್ಷೆ ಮಾಡಿದವರು, ಅಲ್ಲಿ ತನ್ನ ಸಹಿ, ಆಯಿತು, ಈಗ ಎದ್ದು ಹೋಗಿ ಕೊಡಬೇಕು, ಡಾಕ್ಟರಮ್ಮ ಕೇಳ್ತಾರೆ, ಆವಾಗ ಕಾಲು ನೋಡ್ಲಿಲ್ವಾ ನೀನು, ಏನನ್ನಲಿ, ನೋಡಿದ್ದೆ, ಈ ಕೈಯಿಂದಲೇ ಸಡಿಲ ಮಾಡಿದ್ದೆ, ಬೆರಳು ಅದರೊಳಗೇ ಕೂತಿತ್ತು, ಆ ಗೀರಿನೊಳಗೆ, ಕಾಲಿನ ಸುತ್ತ, ಕೆಂಪಗೆ, ಆ ಗೀರು.